ಎತ್ತಿ ಕುಡಿದ ಕಹಿ

ಭಾನುವಾರ ಬೆಳಗ್ಗೆ ಎದ್ದಾಗಿನಿಂದ ಪೂರ್ವಿಗೆ ತನ್ನ ಬಾಯಿ ತನ್ನದಲ್ಲ ಎನಿಸುತ್ತಿತ್ತು. ಹಲ್ಲುಜ್ಜಿದಳು, ನಾಲಗೆ ಕೆರೆದಳು. ಪೇಸ್ಟಿನ ಪುದೀನ ಉಳಿದರೆ ಬಿಟರ್‌ನ ರುಚಿ ತಿಳಿಯುವುದಿಲ್ಲ ಎಂದು ಜೇಮ್ಸ್ ಅಂಕಲ್ಲಿಗೆ ತೀರ್ಪುಗಾರ ಕ್ಲೈವ್ ಕಳಿಸಿದ್ದ ಮೆಸೇಜು ಆಮೇಲೆ ನೆನಪಾಗಿ ಬರೀ ನೀರಿನಲ್ಲಿ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. ಕಿಟಕಿಯ ಕೆಳಗೆ ಪೆಟಾಲಿಂಗ್ ಜಯಾದ ಸಾಲುಮನೆಗಳ ಓಣಿ ಬಿಸಿಲಿಗೆ ಬೆನ್ನುಕೊಟ್ಟು ಬಿದ್ದಿತ್ತು. ಎದುರುಮನೆಯ ಚೀನೀ ತಾತ ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ಕುಂಡಗಳಿಗೆ ನೀರು ಹಾಕುತ್ತ, ಯಾರಾದರೂ ಕಂಡರೆ ಗಬಕ್ಕನೆ ಮೇಲಕ್ಕೆಳೆದುಕೊಳ್ಳುತ್ತಿದ್ದ, ಸೆರಗು ಜಾರಿದವರ ಹಾಗೆ. ಕೆಳಗಿನ ಹಾಲಿನಲ್ಲಿ ಜೇಮ್ಸ್ ಅಂಕಲ್ ಗ್ಲಾಸುಗಳನ್ನು ಒರೆಸುವ ಕಿರ್ರ್ ಕಿರ್ರ್ ಸದ್ದು. ಅವರು ಅವಳ ಮನೆಯ ಮಾಲೀಕರು, ಮಂಗಳೂರಿನವರು. ಹುಡುಗರಾಗಿದ್ದಾಗ ಇಂಗ್ಲೆಂಡಿನ ಯಾವುದೋ ಬ್ರೂವರಿಯಲ್ಲಿ ಪೀಪಾಯಿ ತೊಳೆದು, ಆಮೇಲೆ ಕೌಲಾಲಂಪುರದ ಇನ್ಶೂರೆನ್ಸ್ ಆಫೀಸಿನಲ್ಲಿ ಬಾಳು ಸವೆಸಿ, ರಿಟೈರಾದ ಮೇಲೆ ಹಿತ್ತಿಲ ಷೆಡ್ಡಿನಲ್ಲಿ ಆ ಪೀಪಾಯಿಗಳ ಬಿಟರ್ ಎಂಬ ಕಹಿ ಬಿಯರನ್ನೇ ಮತ್ತೆ ಹುಟ್ಟಿಸುತ್ತ ಕೂತವರು. ಇವತ್ತು ಕ್ಲೈವ್ ಬಂದು ಅದನ್ನು ಕುಡಿದು ತೀರ್ಪು ಹೇಳುತ್ತಾನೆ. ಅವನು ಹೂಂ ಅಂದರೆ ಅದು ಬಿಯರ್ ಕ್ಲಬ್ಬಿನ ಸ್ಪರ್ಧೆಗೆ ಹೋಗುತ್ತದೆ. ಉಹೂಂ ಅಂದರೆ ಷೆಡ್ಡಿಗೆ ಬೀಗ ಹಾಕಿ ಆರ್ಕಿಡ್ ಬೆಳೆಸುತ್ತೇನೆ ಎಂದು ಅಂಕಲ್ ಆಣೆ ಮಾಡಿದ್ದರು. ಪರೀಕ್ಷೆ ಅಂಕಲ್ಲಿಗೆ ಎಂದು ಎಲ್ಲರೂ ತಿಳಿದಿದ್ದರು. ಅದು ತನ್ನದು ಎಂದು ಗೊತ್ತಿದ್ದದ್ದು ಪೂರ್ವಿಗೆ ಒಬ್ಬಳಿಗೇ. ಜುಲೈಯಿಂದ ಈಚೆಗೆ ಈ ಮನೆಯಲ್ಲಿ ಜೇಮ್ಸ್ ಅಂಕಲ್ಲಿನ ಮೂಗು ಅವಳೇ.

ಅವರ ಸ್ವಂತ ಮೂಗನ್ನು ಕೊರೋನಾ ತೆಗೆದುಕೊಂಡು ಹೋಗಿತ್ತು. ಜ್ವರ ಇಳಿಯಿತು, ಕೆಮ್ಮು ಹೋಯಿತು, ವಾಸನೆ ಬರಲಿಲ್ಲ. ಫ್ಲೊರೆನ್ಸ್ ಆಂಟಿ ಒಲೆಯ ಮೇಲೆ ಬಂಗುಡೆ ಇಟ್ಟು ಫೋನಿನಲ್ಲಿ ಜಪಸರ ಮಾಡುತ್ತ ಮೈಮರೆತ ದಿನ ಮೀನು ಇದ್ದಿಲಾಗಿ ಮನೆಯೆಲ್ಲ ಹೊಗೆ ಕವಿದರೂ ಅಂಕಲ್ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಅಕ್ಷರ ಕಾಣದಾದಾಗಲೇ ತಲೆಯೆತ್ತಿದ್ದು. ಪಕ್ಕದ ಮನೆಯವರು ಸೀಗಡಿಯ ಬೆಲಚಾನ್ ಹುರಿದರೆ ಓಣಿಯ ನಾಯಿಗಳೂ ಜಾಗ ಬಿಡುತ್ತವೆ. ಅಂಕಲ್ ಕಾಂಪೌಂಡ್ ಗೋಡೆಗೆ ಮೂಗೊತ್ತಿ ನಿಂತರು, ದೇವರ ಪಾದಕ್ಕೆ ಹಣೆಯೊತ್ತಿದ ಹಾಗೆ. ಏನೂ ಇಲ್ಲ. ತಮ್ಮ ಬದಲು ಬಿಟರ್ ಮೂಸಿ ಹೇಳೆಂದು ಆಂಟಿಯನ್ನು ಕೇಳಿದರೆ, "ಮದುವೆ ಆದಾಗಿನಿಂದ ನಿಮ್ಮ ಬಾಯಿಯಿಂದ ಅದೇ ಮೂಸಿದ್ದೇನೆ, ಇನ್ನು ಬಾಟ್ಲಿಯಿಂದಲೂ ಮೂಸ್ಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದುಬಿಟ್ಟರು. ಗೆಳೆಯರು ಬರುವಂತಿಲ್ಲ, ರಸ್ತೆಗೆ ಪೊಲೀಸರು ಅಡ್ಡಗಟ್ಟೆ ಹಾಕಿದ್ದಾರೆ. ಉಳಿದವಳು ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಯಾವುದೋ ಬ್ಯಾಂಕಿನ ಆ್ಯಪ್‌ನಲ್ಲಿ ತಪ್ಪು ಹುಡುಕುವ ಮೈಸೂರಿನ ಹುಡುಗಿ. "ತಪ್ಪು ಹುಡುಕುವುದು ನಿನ್ನ ಕೆಲಸ ಅಲ್ವಾ ಮಗಾ? ಇದರಲ್ಲಿಯೂ ಹುಡುಕು" ಎಂದು ಅಂಕಲ್ ಒಂದು ಕಂದು ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು, ಸ್ಯಾನಿಟೈಸರ್ ಹೊಡೆದು, ದೂರ ಸರಿದು ನಿಂತಿದ್ದರು. ಬೇಡ ಎನ್ನಬೇಕಿತ್ತು. ಆದರೆ ಆ ಮುಖದಲ್ಲಿ ಮೂಗು ಇದ್ದೂ ಇಲ್ಲದ ಹಾಗೆ ಕಾಣುತ್ತಿತ್ತು. ಚಿಕ್ಕಂದಿನಿಂದ ಪೂರ್ವಿಗೆ ಅಂಗವೊಂದು ಕಳೆದುಹೋದ ರಾಜರೆಂದರೆ ಕರಗುವ ಚಾಳಿ.

ಅಜ್ಜಿ ದೇವಕಮ್ಮನ ಕತೆಗಳಲ್ಲಿ ಎಲ್ಲ ರಾಜರಿಗೂ ಏನಾದರೊಂದು ಊನ ಇರುತ್ತಿತ್ತು. ಮೂಗಿಲ್ಲದ ರಾಜನೂ ಒಬ್ಬ ಇದ್ದ. ಅವನು ಹೂವಿನ ವಾಸನೆ ಹೇಳಲೆಂದು ಹಸಿದ ಬಡಹುಡುಗಿಯೊಬ್ಬಳನ್ನು ಇಟ್ಟುಕೊಂಡ. ಮಲ್ಲಿಗೆ ಹೇಗಿದೆ ಅಂದರೆ ಬಿಸಿ ಅನ್ನದ ಹಾಗಿದೆ ಅಂದಳು. ಸಂಪಿಗೆ? ತುಪ್ಪ. ಕೇದಗೆ? ಹುಳಿಸಾರು, ಇಂಗಿನ ಒಗ್ಗರಣೆ. ರಾಜ ಖುಷಿಯಾಗಿ, ಹೂವೇಕೆ, ಅನ್ನದ ಹಾರವನ್ನೇ ಹಾಕಿಕೊಳ್ಳಿ ಎಂದು ದರ್ಬಾರಿಗೆಲ್ಲ ಅಪ್ಪಣೆ ಮಾಡಿದ. "ಆಮೇಲೆ ಅಜ್ಜಿ?" "ಆಮೇಲೇನು, ಕಾಗೆಗಳು ಬಂದು ಅನ್ನದ ಜೊತೆ ರಾಜನ ಕಿವಿನೂ ಕಿತ್ಕೊಂಡು ಹೋದ್ವು. ಮಲಗೇ." ಅಜ್ಜಿಯ ಕತೆಗಳಿಗೆ ನೀತಿ ಇರುತ್ತಿರಲಿಲ್ಲ, ನಿದ್ದೆ ಮಾತ್ರ ಇರುತ್ತಿತ್ತು. ನೀತಿಯೆಲ್ಲ ಅಡುಗೆಮನೆಯಲ್ಲಿ. ಲೋಟ ಕಚ್ಚಿ ಕುಡಿಯಬೇಡ, ಎತ್ತಿ ಕುಡಿ. ತುಟಿ ತಾಗಿದರೆ ಎಂಜಲು. ಒಂದು ಗೇಣು ಮೇಲೆ ಹಿಡಿದ ಲೋಟದಿಂದ ನೀರು ಬೆಳ್ಳಿ ಸರಿಗೆಯ ಹಾಗೆ ನೇರ ಗಂಟಲಿಗೆ ಇಳಿಯಬೇಕು, ಗದ್ದದ ಮೇಲೆ ಒಂದು ಹನಿ ಬೀಳಕೂಡದು. ಪೂರ್ವಿ ಶಾಲೆಗೆ ಹೋಗುವ ಮುಂಚೆಯೇ ಈ ವಿದ್ಯೆಯಲ್ಲಿ ಪಾರಂಗತಳಾಗಿದ್ದಳು. ಕಹಿ ಕಷಾಯವಾದರೆ ಇನ್ನೊಂದು ಉಪವಿದ್ಯೆ: ಉಸಿರು ಬಿಗಿಹಿಡಿದು ಒಂದೇ ಏಟಿಗೆ ಸುರಿದುಕೊಳ್ಳುವುದು. ಈಗ ಫೋನಿನಲ್ಲಿ ಅಜ್ಜಿಗೆ ಎಲ್ಲಿಲ್ಲದ ಗೆಲುವು. "ಹೊರಗಿಂದ ಬಂದ್ರೆ ಕೈಕಾಲು ತೊಳಿ, ಬಟ್ಟೆ ಬಿಚ್ಚಿ ನೆನೆಸು, ಯಾರನ್ನೂ ಮುಟ್ಬೇಡ, ಯಾರ ಎಂಜಲೂ ತಿನ್ಬೇಡ. ನಾವು ಹೇಳಿದ್ರೆ ಮಡಿ ಅಂತ ಹಲ್ಲು ಕಿರೀತಿದ್ರಿ. ಗೌರ್ಮೆಂಟು ಹೇಳಿದ್ರೆ ಸೈನ್ಸಾ?"

ಹಾಗಾಗಿ ಜುಲೈಯಲ್ಲಿ ಮೊದಲ ಬಾಟಲಿ ತೆಗೆದ ದಿನ ಅವಳ ಕೈ ತನ್ನಷ್ಟಕ್ಕೆ ತಾನೇ ಗ್ಲಾಸನ್ನು ಮೇಲೆತ್ತಿತು. ಅದರ ಹಿಂದೆಯೇ ಒಂದು ಜಾಣ ಲೆಕ್ಕಾಚಾರವೂ ಬಂದು ಕೂತಿತು: ತುಟಿಗೆ ತಾಗಿಸದಿದ್ದರೆ ಕುಡಿದ ಹಾಗಲ್ಲ. ನಾಳೆ ಅಮ್ಮನೋ ಅಜ್ಜಿಯೋ 'ಬಿಯರ್ ಬಾಯಿಗಿಟ್ಟಿದ್ದೀಯೇನೇ' ಎಂದು ಕೇಳಿದರೆ, ಇಲ್ಲ, ಬಾಯಿಗಿಟ್ಟಿಲ್ಲ ಎಂದು ಸತ್ಯವನ್ನೇ ಹೇಳಬಹುದು. ಮೇಲಿನಿಂದ ಬಿದ್ದದ್ದು ಪ್ರಸಾದವೂ ಆಗಬಹುದು, ಮಳೆಯೂ ಆಗಬಹುದು. ಬಟ್ಟೆಗೆ ವಾಸನೆ ಹಿಡಿಯಬಾರದೆಂದು ಕಿಟಕಿ ತೆರೆದು, ಫ್ಯಾನು ಹಾಕಿ, ಉಸಿರು ಬಿಗಿಹಿಡಿದು ಸುರಿದುಕೊಂಡಳು. ಗಂಟಲಿನ ಆಳದಲ್ಲಿ ಯಾರೋ ಬೇವಿನ ಕಡ್ಡಿಯಿಂದ ಗೀರಿದಂತಾಯಿತು, ಅಷ್ಟೇ. ಕೆಳಗಿಳಿದು, "ವಾಸನೆ ಏನೂ ಇಲ್ಲ ಅಂಕಲ್. ಬರೀ ಕಹಿ" ಎಂದಳು. ಅಂಕಲ್ಲಿನ ಕೈ ಕುರ್ಚಿಯ ಬೆನ್ನನ್ನು ಹುಡುಕಿಕೊಂಡಿತು. ಕಾಯಿಲೆ ಬೀಳುವ ಮುಂಚೆ, ಮೂಗು ನೆಟ್ಟಗಿದ್ದಾಗ ಮಾಡಿಟ್ಟಿದ್ದ ಬ್ಯಾಚು ಅದು. "ಕಾಯಿಲೆಗೆ ಮೊದಲೇ ನನ್ನ ಮೂಗು ಹೋಗಿತ್ತು ಅಂತ ಕಾಣ್ತದೆ" ಎಂದು ಮೆಲ್ಲಗೆ ಹೇಳಿ, ಅಷ್ಟೂ ಬಾಟಲಿಗಳನ್ನು ಹಿತ್ತಿಲಿಗೆ ಒಯ್ದು ಚರಂಡಿಗೆ ಸುರಿದರು. ಪೂರ್ವಿ ಮಹಡಿಯ ಕಿಟಕಿಯಿಂದ ನೋಡಿದಳು. ಕಂದು ನೊರೆ ಕಾಂಕ್ರೀಟಿನ ಮೇಲೆ ಹರಿದು ಹೋಗುವಾಗ ಏನೋ ಒಂದು ಪರಿಮಳ ಮೇಲಕ್ಕೆ ತೇಲಿ ಬಂತು. ಬೇಕರಿಯದಿರಬೇಕು ಅಂದುಕೊಂಡಳು. ಆ ಓಣಿಯಲ್ಲಿ ಬೇಕರಿ ಇಲ್ಲ. ಇಲ್ಲವೆಂದು ಆಗಲೂ ಗೊತ್ತಿತ್ತು. ಗೊತ್ತಿದ್ದೂ ಕಿಟಕಿ ಮುಚ್ಚಿದ್ದಳು.

ಆಮೇಲಿನ ಬ್ಯಾಚುಗಳಲ್ಲಿ ಅಂಕಲ್ ಅವಳ ಮಾತನ್ನು ಡಾಕ್ಟರ ಮಾತಿನ ಹಾಗೆ ಪಾಲಿಸಿದರು. ಕಹಿ ಅಂದಳು, ಕಹಿ ಕೊಡುವ ಹಾಪ್ಸ್ ಹೂವು ಕಡಿಮೆ ಮಾಡಿದರು. ಇನ್ನೂ ಕಹಿ ಅಂದಳು, ಇನ್ನಷ್ಟು ಕಡಿಮೆ ಮಾಡಿ, ಹುರಿದ ಬಾರ್ಲಿಯ ಸಿಹಿ ಏರಿಸಿದರು. ಗಂಟಲಿಗೇ ಬೀಳುವವಳಿಗೆ ಕಹಿಯಲ್ಲದೆ ಇನ್ನೇನು ಸಿಕ್ಕೀತು? ಕೊನೆಗೆ ಅವರ ಮುಖ ನೋಡಲಾರದೆ, "ಈಗ ಸರಿಯಾಗಿದೆ ಅಂಕಲ್, ತುಂಬಾ ಚೆನ್ನಾಗಿದೆ" ಎಂದಳು. ಅಂಕಲ್ ಮಗುವಿನ ಹಾಗೆ ಕೈ ತಟ್ಟಿ ಕ್ಲೈವ್‌ಗೆ ಫೋನ್ ಮಾಡಿದರು.

"ಪೂರ್ವೀ, ಕೆಳಗೆ ಬಾ ಮಾರಾಯ್ತಿ. ಜಡ್ಜ್ ಸಾಹೇಬರು ಬಂದರು!" ಆಂಟಿಯ ದನಿ.

ಕ್ಲೈವ್ ಗೇಟಿನಲ್ಲೇ ನಿಂತು ತನ್ನ ಹಣೆಗೆ ತಾನೇ ಥರ್ಮಾಮೀಟರ್ ಹಿಡಿದುಕೊಂಡು, ಅಂಕಿಯನ್ನು ಎಲ್ಲರಿಗೂ ತೋರಿಸಿ, ಎರಡು ಡೋಸಿನ ಸರ್ಟಿಫಿಕೇಟನ್ನು ಫೋನಿನಲ್ಲಿ ತೆಗೆದು ಅದನ್ನೂ ತೋರಿಸಿ ಒಳಗೆ ಬಂದ. ನಲವತ್ತರ ಆಸುಪಾಸು, ದುಂಡು ಹೊಟ್ಟೆ, ಅಂಕಲ್ಲಿನ ಚರ್ಚಿನವನೇ. ಬಿಯರ್ ತೀರ್ಪುಗಾರನ ಪರೀಕ್ಷೆ ಪಾಸು ಮಾಡಿದವನೆಂದು ಕ್ಲಬ್ಬಿನಲ್ಲಿ ದೊಡ್ಡ ಹೆಸರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಸಿದ. ಉಪ್ಪಿಲ್ಲದ ಬಿಸ್ಕತ್ತು ಇಡಿಸಿದ. ಫ್ಯಾನು ಆರಿಸಿದ. ಆಂಟಿ ಅಗರಬತ್ತಿ ಹಚ್ಚಿದ್ದ ಮಾತೆ ಮರಿಯಳನ್ನು ಅಡುಗೆಮನೆಗೆ ಸ್ಥಳಾಂತರಿಸಿದ. ಇವನು ಕೈಗೆ ದರ್ಭೆ ಕಟ್ಟಿಕೊಂಡಿದ್ದರೆ ಅಜ್ಜಿ ದಕ್ಷಿಣೆ ಕೊಟ್ಟೇ ಕಳಿಸುತ್ತಿದ್ದಳು ಎಂದುಕೊಂಡ ಪೂರ್ವಿಗೆ ನಗು ಬಂತು.

"ಅಂಕಲ್, ಐಸ್ ಕೋಲ್ಡ್ ಇಲ್ಲ ಅಲ್ವಾ?"

"ಎಂತ ಮಾತು ಆಡ್ತೀಯಾ ಮಾರಾಯ. ಬಿಟರನ್ನು ಐಸಿನಲ್ಲಿ ಇಡ್ಲಿಕ್ಕೆ ನಾನೇನು ಲಾಗರ್ ಕುಡಿಯುವವನಾ? ಸ್ವಲ್ಪ ತಣ್ಣಗೆ, ಅಷ್ಟೇ."

"ಮತ್ತೆ ಈಕೆ ಯಾರು? ಅಸಿಸ್ಟೆಂಟ್ ಆ?"

"ನನ್ನ ಮೂಗು" ಎಂದರು ಅಂಕಲ್ ಎದೆಯುಬ್ಬಿಸಿ. "ರೆಸಿಪಿ ತಿದ್ದಿದ್ದೆಲ್ಲ ಅವಳೇ. ಅವಳಿಗೂ ಒಂದು ಗ್ಲಾಸ್."

ಕ್ಲೈವ್ ಗ್ಲಾಸನ್ನು ಬೆಳಕಿಗೆ ಹಿಡಿದ. ಬಣ್ಣ ತಾಮ್ರದ್ದು, ತಲೆಯಾಡಿಸಿದ. ಮೂಗನ್ನು ಗ್ಲಾಸಿನೊಳಗೆ, ಇನ್ನೇನು ನೊರೆ ತಾಗಬೇಕು ಅನ್ನುವಷ್ಟು ಇಳಿಸಿ, ಕಣ್ಣು ಮುಚ್ಚಿ, ನಾಯಿಮರಿಯ ಹಾಗೆ ಸಣ್ಣಸಣ್ಣಗೆ ಮೂಸಿದ. ಹುಬ್ಬು ಗಂಟಿಕ್ಕಿತು. ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದ. ಅಡುಗೆಮನೆಯ ಬಾಗಿಲಿನಲ್ಲಿ ಆಂಟಿಯೂ ಸೌಟು ಹಿಡಿದು ನಿಂತಿದ್ದರು.

"ಅಂಕಲ್" ಎಂದ ಕ್ಲೈವ್ ಕೊನೆಗೆ, ಸಾವಿನ ಸುದ್ದಿ ಹೇಳುವ ದನಿಯಲ್ಲಿ, ಆ ಊರಿನ 'ಲಾ' ಬಾಲವನ್ನು ಮಾತ್ರ ಬಿಡದೆ. "ಇದು ಬಿಟರ್ ಅಲ್ಲ ಲಾ. ಇದು ಬೆಲ್ಲದ ಪಾನಕ. ಬಿಟರ್ ಅಂದ ಮೇಲೆ ಕಹಿ ಎಲ್ಲುಂಟು? ಹಾಪ್ಸ್ ಎಲ್ಲಿ ಹೋಯ್ತು? ರಾಮನವಮಿಗೆ ಹಂಚ್ಬಹುದು ಇದನ್ನ."

ಅಂಕಲ್ ಅವನನ್ನು ನೋಡಲಿಲ್ಲ. ಪೂರ್ವಿಯ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. ತಮ್ಮ ಸಾಕ್ಷಿ ಈಗ ಎದ್ದುನಿಂತು ವಕೀಲನ ಬಾಯಿ ಮುಚ್ಚಿಸುತ್ತಾಳೆ ಎಂದು ನಂಬಿದವರ ನೋಟ. "ನೀನು ಹೇಳು ಮಗಾ. ಕುಡಿದು ಹೇಳು ಅವನಿಗೆ." ಅವಳಿಗೆ ಇದ್ದಕ್ಕಿದ್ದಂತೆ ಮೂರನೇ ಕ್ಲಾಸಿನ ಮಗ್ಗಿ ಪರೀಕ್ಷೆ ನೆನಪಾಯಿತು. ಹದಿನೇಳರ ಮಗ್ಗಿ ಬರುತ್ತದೆಂದು ಮೇಷ್ಟರ ಮುಂದೆ ಎದ್ದುನಿಂತು, ಹದಿನೇಳು ಮೂರಲಿಗೆ ಬಾಯಿ ಒಣಗಿ, ಒಂದು ಕತೆ ಹೇಳಲಾ ಸಾರ್ ಎಂದು ಕೇಳಿ ಇಡೀ ಕ್ಲಾಸನ್ನು ನಗಿಸಿದ್ದಳು. ಈಗ ಕತೆಯೂ ಹುಟ್ಟಲಿಲ್ಲ. ಮಾಸ್ಕು ಇಳಿಸಿದಳು. ಗ್ಲಾಸು ತೆಗೆದುಕೊಂಡಳು. ತಲೆ ಹಿಂದಕ್ಕೆ ಬಾಗಿತು, ಕೈ ಮೇಲಕ್ಕೆ ಹೋಯಿತು, ಉಸಿರು ತಾನಾಗಿ ನಿಂತಿತು, ತಾಮ್ರದ ಬಣ್ಣದ ಸರಿಗೆಯೊಂದು ಒಂದು ಗೇಣು ಎತ್ತರದಿಂದ ಒಂದು ಹನಿಯೂ ಚೆಲ್ಲದೆ ಅವಳ ಗಂಟಲಿಗೆ ಇಳಿಯಿತು.

ಮೊದಲು ನಕ್ಕವನು ಕ್ಲೈವ್. ನಕ್ಕ ಅನ್ನುವುದಕ್ಕಿಂತ ಸ್ಫೋಟಿಸಿದ. ಕೈಯಲ್ಲಿದ್ದ ಬಿಸ್ಕತ್ತು ಪುಡಿಯಾಗಿ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು. "ಅಯ್ಯೋ ಜೀಸಸ್! ಅಂಕಲ್, ನಿಮ್ಮ ಮೂಗು ತೀರ್ಥ ತಕೊಳ್ತಾ ಉಂಟು! ಬ್ರಾಹ್ಮಿನ್ ಸ್ಟೈಲ್ ಟೇಸ್ಟಿಂಗ್!" ಕಣ್ಣೊರೆಸಿಕೊಂಡ. "ಏನಮ್ಮಾ, ಯಾವಾಗಲೂ ಹೀಗೇ ಕುಡಿಯೋದಾ?"

"ಹೂಂ" ಎಂದಳು ಪೂರ್ವಿ. ಗದ್ದದ ಮೇಲೆ ಹನಿ ಬಿದ್ದಿಲ್ಲ ತಾನೇ ಎಂದು ಮುಟ್ಟಿ ನೋಡಿಕೊಂಡಳು.

"ಮೂಸಿ ನೋಡ್ಲಿಲ್ವಾ? ಒಂದು ಸಲಾನೂ?"

"ಉಸಿರು ಬಿಟ್ರೆ... ಚೆಲ್ಲತ್ತೆ."

ಮತ್ತೆ ನಕ್ಕ. ನಗು ನಿಂತ ಮೇಲೆ ಅವನ ಮುಖದಲ್ಲಿ ಲೆಕ್ಕ ಕೂಡಿಬಂದದ್ದು ಕಾಣಿಸಿತು. ಅಂಕಲ್ಲಿನ ಮುಖದಲ್ಲಿ ಅದು ಇನ್ನೂ ಮೊದಲೇ ಕೂಡಿಬಂದಿತ್ತು. ತಿಂಗಳುಗಟ್ಟಲೆ ಅವರು ಬಿಟರನ್ನು ತಿದ್ದಿದ್ದು ಒಂದು ಹುಡುಗಿಯ ಗಂಟಲಿನ ಹಿಂಭಾಗವನ್ನು ನಂಬಿ. ಪೂರ್ವಿಗೆ ತನ್ನ ಮೈಯೆಲ್ಲ ಒಂದು ದೊಡ್ಡ ಕಿವಿಯಾಗಿ ಕೆಂಪಾದಂತೆ ಅನಿಸಿತು. ಎದ್ದು ಓಡಿಹೋಗಿ ನಮ್ಮ ಕಡೆಯವರೇ ತುಂಬಿರುವ ಬ್ರಿಕ್‌ಫೀಲ್ಡ್ಸ್‌ನ ಯಾವುದಾದರೂ ಮೆಸ್ಸಿನಲ್ಲಿ ಪಾತ್ರೆ ತೊಳೆಯುತ್ತ ಅಜ್ಞಾತವಾಗಿ ಇದ್ದುಬಿಡೋಣವೆಂದುಕೊಂಡಳು. ಅಲ್ಲಿಯೂ ನೀರು ಎತ್ತಿ ಕುಡಿದು ಸಿಕ್ಕಿಬೀಳುತ್ತಾಳೆ. ತುಟಿ ತಾಗಿಸದೆ ಪಾರಾಗುತ್ತೇನೆಂದುಕೊಂಡಿದ್ದಳು. ಪಾರಾಗಿದ್ದಳು ಕೂಡ. ಮುಳುಗಿದ್ದು ಬೇರೆಯವರು.

"ಹಾಗಾದರೆ ಜುಲೈಯದ್ದು" ಎಂದರು ಅಂಕಲ್ ತಮ್ಮಷ್ಟಕ್ಕೆ. "ಜುಲೈಯದ್ದು ಹೇಗಿತ್ತೋ ಯಾರಿಗೂ ಗೊತ್ತಿಲ್ಲ."

ಬಾಗಿಲಿನಲ್ಲಿ ಆಂಟಿ ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಒಂದು ಬಾಟ್ಲಿ ಉಂಟು" ಎಂದರು. "ನೀವು ಚೆಲ್ಲುವಾಗ ನಾನು ತೆಗೆದಿಟ್ಟೆ. ಬಫಾತ್ ಸಾರಿಗೆ ಹಾಕಿದರೆ ಹಂದಿ ಮೆತ್ತಗೆ ಬೇಯ್ತದೆ. ಇವತ್ತು ಹಾಕುವ ಅಂತ ಇದ್ದೆ."

"ಫ್ಲೋರಿ!"

"ಎಂತ ಫ್ಲೋರಿ? ನನಗೆ ಹೇಳಿ ಚೆಲ್ಲಿದ್ರಾ ನೀವು?"

ಫ್ರಿಡ್ಜಿನ ತಳದಿಂದ, ತೆಂಗಿನ ತುರಿಯ ಡಬ್ಬಿಯ ಹಿಂದಿನಿಂದ ಬಾಟಲಿ ಬಂತು. ಕ್ಲೈವ್ ಅದನ್ನು ಅಂಗೈಗಳ ನಡುವೆ ಹೊರಳಿಸಿ ಚಳಿ ಬಿಡಿಸಿದ. ಹಾಗೆ ಮಾಡುವಾಗ ಮಾತ್ರ ಅವನು ಒಳ್ಳೆಯವನ ಹಾಗೆ ಕಂಡ. ಸುರಿದ. ಮೂಸಿದ. ಕುಡಿದ. ಜೋಕು ಮಾಡಲಿಲ್ಲ. ಇನ್ನೊಂದು ಗುಟುಕು ಕುಡಿದು ಕಿಟಕಿಯಾಚೆ ಎದುರುಮನೆಯ ತಾತನನ್ನು ನೋಡುತ್ತ ಕೂತ.

"ಹೇಳು ಮಾರಾಯ" ಎಂದರು ಅಂಕಲ್.

"ಅಂಕಲ್, ಇದು..." ಎಂದು ಶುರುಮಾಡಿದ.

"ಬೇಡ, ನಿಲ್ಲು." ಅಂಕಲ್ ಕೈ ಅಡ್ಡ ಹಿಡಿದರು. ಎದ್ದು, ಇನ್ನೊಂದು ಗ್ಲಾಸಿಗೆ ತಾವೇ ಸುರಿದು, ನೊರೆ ಕುಳಿತುಕೊಳ್ಳುವ ತನಕ ಕಾದು, ಪೂರ್ವಿಯ ಮುಂದೆ ಇಟ್ಟರು. "ಕಚ್ಚಿ ಕುಡಿ."

ಆ ಮಾತು ಅವರಿಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಗ್ಲಾಸನ್ನು ನೋಡಿದಳು. ತೆಳುವಾದ ಗಾಜಿನ ಅಂಚು, ಅದರಾಚೆ ಒಂದು ಕಂದು ಬಾವಿ. ಈಗ ಸುಳ್ಳು ಬಹಳ ಸುಲಭವಿತ್ತು. ಕ್ಲೈವ್‌ನ ಮುಖ ನೋಡಿದರೇ ಸಾಕು, ಇದು ಅಮೃತವೆಂದು ತಿಳಿಯುತ್ತದೆ. ಮಲ್ಲಿಗೆ, ಸಂಪಿಗೆ, ಮೊದಲ ಮಳೆ, ಏನು ಬೇಕಾದರೂ ಪೋಣಿಸಿ ಹಾರ ಮಾಡಿ ಹಾಕಬಹುದು. "ಅಂಕಲ್, ಇದು ಒಂದು ಕಾಡಿನ ಹಾಗೆ..." ಎಂದು ಬಾಯಿ ತೆರೆದೇಬಿಟ್ಟಳು.

"ಕತೆ ಬೇಡ ಮಗಾ. ಇನ್ನೂ ಕುಡಿಯಲೇ ಇಲ್ಲ ನೀನು. ವಾಸನೆ ಹೇಳು."

ಮೂಗನ್ನು ಇಳಿಸಿದಳು. ಉಸಿರು ಎಳೆದುಕೊಂಡಳು. ಹೆದರಿದ್ದಕ್ಕೆ ತಕ್ಕ ಹಾಗೆ ಏನೂ ಸಿಡಿಯಲಿಲ್ಲ. ಯಾರೋ ಗೊತ್ತಿರುವವರ ಮನೆಯ ಬಾಗಿಲು ತೆರೆದ ಹಾಗಾಯಿತು. ತುಟಿ ತಾಗಿಸಿದಳು. ಗಾಜು ತಣ್ಣಗಿತ್ತು, ಅದರ ಮೇಲೆ ತನ್ನ ತುಟಿ ಮಾತ್ರ ಬಿಸಿಯಾಗಿತ್ತು. ಬಾಯಿ ತುಂಬ ತೆಗೆದುಕೊಂಡು, ನುಂಗದೆ ಹಿಡಿದುಕೊಂಡಳು, ಆಮೇಲೆ ನುಂಗಿದಳು.

"ಒದ್ದೆ ಗೋಣಿಚೀಲ" ಎಂದಳು.

"ಅಯ್ಯಯ್ಯೋ" ಎಂದರು ಆಂಟಿ.

"ಸುಮ್ಮನಿರು ಫ್ಲೋರಿ. ಮತ್ತೆ?"

"ಬಿಸ್ಕತ್ತು. ಸ್ವಲ್ಪ ಜಾಸ್ತಿ ಬೆಂದಿರೋದು. ಕಿತ್ತಳೆ ಸಿಪ್ಪೆನ ಹಿಂಡಿದ್ರೆ ಕಣ್ಣಿಗೆ ಹಾರತ್ತಲ್ಲ, ಅದು. ಆಮೇಲೆ ಕಹಿ. ಆದ್ರೆ ಕಷಾಯದ ಕಹಿ ಅಲ್ಲ ಅಂಕಲ್. ಗಂಟ್ಲಿಗೆ ಗುದ್ದಲ್ಲ. ನಾಲಗೆ ಮೇಲೆ ಕೂತ್ಕೊಂಡಿರತ್ತೆ. ಹೋಗು ಅಂದ್ರೆ ಹೋಗಲ್ಲ." ಹುಡುಕಿದಳು. "ಇನ್ನೊಂದು ಇದೆ, ಅದು ಏನೂಂತ ನಂಗೆ ಗೊತ್ತಾಗ್ತಿಲ್ಲ."

ಅಂಕಲ್ ಕಣ್ಣು ಮುಚ್ಚಿದ್ದರು. ಅವರ ಮೂಗಿನ ಹೊಳ್ಳೆಗಳು ಕೆಲಸವಿಲ್ಲದಿದ್ದರೂ ಅರಳಿ ಅರಳಿ ಮುಚ್ಚುತ್ತಿದ್ದವು. "ಗೊತ್ತಾಗದ್ದು ಒಂದು ಇರ್ಬೇಕು" ಎಂದರು. "ಅದು ಇಲ್ಲದಿದ್ದರೆ ನನ್ನದಲ್ಲ." ಕಣ್ಣು ತೆರೆದಾಗ ಒದ್ದೆಯಾಗಿತ್ತೋ ಏನೋ, ಅವಳು ನೋಡಲಿಲ್ಲ. "ಈಗ ಇವತ್ತಿನದ್ದು."

ಮೊದಲಿನ ಗ್ಲಾಸಿನಲ್ಲಿ ಅರ್ಧ ಉಳಿದಿತ್ತು. ಮೂಸಿದಳು, ಕಚ್ಚಿ ಕುಡಿದಳು. ಎಲ್ಲರೂ ಕಾಯುತ್ತಿದ್ದರು. ಚೆನ್ನಾಗಿದೆ ಎಂದು ತಾನೇ ಹೇಳಿದ್ದು, ತಾನೇ ಹುಟ್ಟಿಸಿದ್ದು, ಈ ಮುದುಕರ ಹಿತ್ತಿಲಲ್ಲಿ ಪೀಪಾಯಿ ತುಂಬ ನಿಂತಿರುವುದು. "ಕೆಟ್ಟದಾಗಿದೆ ಅಂಕಲ್" ಎಂದಳು. "ಬರೀ ಸಿಹಿ. ಬಾಯಿಗೆ ಮೆತ್ಕೊಳ್ಳತ್ತೆ. ಇದನ್ನ ಕಳಿಸ್ಬೇಡಿ."

"ನಾನು ಹೇಳಿದ್ದೂ ಅದೇ ಲಾ" ಎಂದ ಕ್ಲೈವ್, ಸ್ವಲ್ಪ ನೊಂದುಕೊಂಡು.

"ನೀನು ಹೇಳಿದ್ದು ಬೇರೆ, ಮಾರಾಯ. ನನ್ನ ಮೂಗು ಹೇಳ್ಬೇಕಿತ್ತು." ಅಂಕಲ್ ಎದ್ದು ಲುಂಗಿ ಬಿಗಿದು ಕಟ್ಟಿದರು. "ಈ ವರ್ಷದ ಸ್ಪರ್ಧೆ ಬಿಡುವ. ಪೀಪಾಯಿ ಖಾಲಿ ಮಾಡ್ತೇನೆ. ಜುಲೈಯ ರೆಸಿಪಿ ತಲೆಯಲ್ಲಿ ಉಂಟು. ಬುಧವಾರ ಒಲೆ ಹಚ್ಚುವ. ಪೂರ್ವೀ, ಆಫೀಸಿಗೆ ಏನಾದರೂ ಸುಳ್ಳು ಹೇಳು, ಸುಳ್ಳು ಹೇಳ್ಲಿಕ್ಕೆ ನಿನಗೆ ಬರ್ತದೆ."

ಅವರು ಹಿತ್ತಿಲಿಗೆ ಹೋದರು. ಕ್ಲೈವ್ ನಿಧಾನಿಸಿ ಎಂದು ಕೂಗುತ್ತ ಅವರ ಹಿಂದೆ ಓಡಿದ. ಹೊಡೆತವೊಂದು ಬೀಳಬೇಕಾದ ಜಾಗದಲ್ಲಿ ಬುಧವಾರ ಬಿದ್ದಿತ್ತು. ಪೂರ್ವಿ ಅದನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಕೂತಳು. ಜುಲೈಯ ಗ್ಲಾಸಿನ ಅಂಚಿನಲ್ಲಿ, ನೊರೆ ಒಣಗಿದ ಗೆರೆಯ ನಡುವೆ, ಅವಳ ತುಟಿಯ ಗುರುತು ಬಿದ್ದಿತ್ತು. ಯಾರ ಕಣ್ಣಿಗೆ ಬಿದ್ದರೂ ಅದು ತುಟಿಯದೇ. ಮೇಲಿನಿಂದ ಬಿದ್ದದ್ದು ಎಂದು ಯಾವ ವಕೀಲನೂ ವಾದಿಸಲಾರ. ಗ್ಲಾಸನ್ನು ತಿರುಗಿಸಿ, ಅದೇ ಗುರುತಿಗೆ ತುಟಿಯಿಟ್ಟು, ಯಾರೂ ಹೇಳದಿದ್ದರೂ ಇನ್ನೊಂದು ಗುಟುಕು ತೆಗೆದುಕೊಂಡಳು. ಆಮೇಲೆ ಇನ್ನೊಂದು. ಬಾಟಲಿಯಲ್ಲಿ ಉಳಿದದ್ದನ್ನೂ ಬಗ್ಗಿಸಿಕೊಂಡಳು.

ಅಡುಗೆಮನೆಯ ಬಾಗಿಲಿನಿಂದ ಫ್ಲೊರೆನ್ಸ್ ಆಂಟಿ ಸೌಟು ಎತ್ತಿದರು.

"ಟೇಸ್ಟ್ ನೋಡಿದ್ದು ಸಾಕಲ್ವಾ? ಅದು ನನ್ನ ಹಂದಿಯದ್ದು!"

"ಟೇಸ್ಟ್ ನೋಡ್ತಿಲ್ಲ ಆಂಟಿ" ಎಂದಳು ಪೂರ್ವಿ. "ಕುಡೀತಿದೀನಿ."